ಹಣ್ಣು ನೋಡಲು ಹೋದವನು

ಚಂದ್ರಶಾ ಏನನ್ನೋ ಮುಚ್ಚಿಡುತ್ತಿದ್ದಾನೆ. ಅದನ್ನು ಹೊರಗೆಳೆಯಲೆಂದೇ ಸೂರ್ಯಕಾಂತ ರಜೆಯ ದಿನ ಇಸ್ತ್ರಿ ಅಂಗಿ ತೊಟ್ಟು ಕಮಲಾಪುರದಲ್ಲಿ ಬಸ್ಸಿನಿಂದ ಇಳಿದಿದ್ದ.

ಜಗಳ ಹಿರಿತನದ್ದು. ಕಲಬುರಗಿ ಸ್ಟೇಷನ್ನಿನ ಪಾರ್ಸಲ್ ಆಫೀಸಿನಲ್ಲಿ ಹೆಡ್ ಕ್ಲರ್ಕ್ ಕುರ್ಚಿ ಖಾಲಿಯಾಗಿತ್ತು. ಚಂದ್ರಶಾ ನಿಜಾಮರ ರೈಲ್ವೆಯಲ್ಲಿ ದುಡಿದು ತಲೆ ಹಣ್ಣಾದವನು. ಪೊಲೀಸ್ ಆಕ್ಷನ್ ಆದಮೇಲೆ ಆ ರೈಲ್ವೆಯೂ ಕಲಬುರಗಿಯ ರೈಲ್ವೆಯೂ ಒಂದಾದಾಗ ವರ್ಗವಾಗಿ ಬಂದಿದ್ದ. ಸೂರ್ಯಕಾಂತ ಪರೀಕ್ಷೆ ಬರೆದು ನೇರ ನೇಮಕವಾದವನು, ಅದೂ ರೈಲ್ವೆಗಳು ಒಂದಾಗುವ ಮೊದಲೇ. ಹಳೆಯ ನೌಕರಿ ಲೆಕ್ಕಕ್ಕೆ ಬಂದರೆ ಚಂದ್ರಶಾ ಹಿರಿಯ, ಬಾರದಿದ್ದರೆ ಸೂರ್ಯಕಾಂತ. ಕುರ್ಚಿಯ ಜೊತೆ ನಳವಿರುವ ಕ್ವಾರ್ಟರ್ಸ್ ಬರುತ್ತಿತ್ತು. ತಾಜಸುಲ್ತಾನಪುರದ ಬಾವಿಯಲ್ಲಿ ನೀರು ಸೇದಿ ಸೇದಿ ಸೊಂಟ ಹಿಡಿದ ಅವ್ವನನ್ನು ಅಲ್ಲಿ ತಂದಿಡುವುದೇ ಸೂರ್ಯಕಾಂತನ ಆಸೆ. "ಹೆಡ್ ಕ್ಲರ್ಕ್ ಆಗೋತನಾ ನನ್ನ ಲಗ್ನದ ಮಾತು ತಗೀಬ್ಯಾಡವ್ವಾ" ಎಂದು ಅವಳ ಬಾಯನ್ನೂ ಮುಚ್ಚಿಸಿದ್ದ.

ಸುಳಿವು ಕೊಟ್ಟವನು ಸ್ಟೇಷನ್ನಿನ ಚಹಾದ ಕರೀಂಸಾಬ. "ರಜಾಕಾರರ ಗದ್ದಲದಾಗ ಚಂದ್ರಶಾ ಸಾಬರು ನೌಕರಿ ಬಿಟ್ಟು ಊರಾಗ ಕುಂತಿದ್ರಂತ. ಗೈರಹಾಜರಿ ಸಾಬೀತಾದ್ರ ಹಳೀ ನೌಕರಿ ಖತಂ. ಅವರ ತಾಯೀಗಿ ಕೇಳ್ರಿ. ಸೀದಾ ಕೇಳಬ್ಯಾಡ್ರಿ ಮತ್ತ. ಅವರದು ಬಾಳಿ ತೋಟ ಅದ, ಹಣ್ಣು ನೋಡಾಕ ಬಂದೀನಂತ ಹೇಳ್ರಿ."

ಸೂರ್ಯಕಾಂತ ಈ ಆಫೀಸಿಗೆ ಹೊಸಬ. ಯಾರ ಮನೆಯ ಸುದ್ದಿಯೂ ಅವನಿಗೆ ಬೇಡ. ಒಂದು ಮಾತು ಮಾತ್ರ ಕಿವಿಗೆ ಬಿದ್ದಿತ್ತು. ಅವನ ಹಾಗೆಯೇ ನೇರ ನೇಮಕವಾದ ಮಾಪಣ್ಣ, ಅಮೋಘಪ್ಪ ಇಬ್ಬರೂ ಹಿಂದೆ ಇದೇ ತಕರಾರು ಎತ್ತಿದ್ದರು, ಇಬ್ಬರೂ ಕಮಲಾಪುರಕ್ಕೆ ಹೋಗಿದ್ದರು, ಬಂದವರೇ ತಕರಾರು ಹಿಂದೆಗೆದುಕೊಂಡಿದ್ದರು. ಯಾಕೆಂದು ಕೇಳಿದರೆ ಮಾಪಣ್ಣ ನಕ್ಕ. "ನೀನೂ ಹೋಗಿ ಬಾ ತಮ್ಮಾ. ಆಮ್ಯಾಲ ನಾವು ನಾವ ಮಾತಾಡೂಣು."

ಇವರ ಬಾಯಿಗೆ ಏನೋ ಬಿದ್ದಿದೆ ಎಂದುಕೊಂಡ ಸೂರ್ಯಕಾಂತ.

ಚಂದ್ರಶಾನ ತಾಯಿ ಮಲ್ಕಮ್ಮ ಮನೆಯ ಕಟ್ಟೆಯ ಮೇಲೆ ಕೂತಿದ್ದಳು. ಕಿವಿ ಮಂದ, ಕೈ ಅಡ್ಡ ಹಿಡಿದರೂ ಅರ್ಧ ಮಾತೇ ಒಳಗೆ ಹೋಗುತ್ತಿತ್ತು.

"ಹಣ್ಣು ನೋಡಾಕ ಬಂದೀನ್ರೀ ಆಯಿ" ಎಂದು ಅವನು ಕೂಗಿದ. ಎದುರು ಕಟ್ಟೆಯ ಹಿರಿಯರು ಬೀಡಿ ಆರಿಸಿ ಇತ್ತ ತಿರುಗಿದರು.

"ನೋಡ್ರಿ, ನೋಡ್ರಿ" ಎಂದಳು ಮುದುಕಿ. "ಮೂರಿದ್ದವು. ಎರಡು ನಿಮ್ಮ ರೈಲ್ವೆದವರ ಒಯ್ದಾರ. ಕಡೀದೊಂದ ಉಳದದ."

ಗೊನೆ ಕೊಟ್ಟು ಬಾಯಿ ಮುಚ್ಚಿಸಿದ್ದಾರೆ. ಇಷ್ಟು ಅಗ್ಗಕ್ಕೆ ಮಾರಿಕೊಂಡರಲ್ಲ ಎಂದು ಅವನಿಗೆ ನಾಚಿಕೆಯಾಯಿತು.

"ಒಯ್ದ ಮ್ಯಾಲ ತಿರುಗಿ ತಂದು ಬಿಡಂಗಿಲ್ಲ ನೋಡ್ರಿ."

"ಹಂಗ್ಯಾಕ ಮಾಡಲ್ರೀ. ನಮ್ಮವ್ವಗ ಭಾಳ ಆಶಾ ಅದ."

ಮುದುಕಿ ಅವನ ಊರು, ಮನೆತನ, ಪಗಾರ ಎಲ್ಲ ಕೇಳಿದಳು. ಬಾಳೆಹಣ್ಣಿಗೆ ಇದು ಹೆಚ್ಚೇ ಆಯಿತು, ಆದರೆ ವಯಸ್ಸಾದವರ ಬಾಯಿ. ಅವನು ಹೇಳಿದ. ಕೊನೆಗೆ ಬುಡಕ್ಕೇ ಕೈ ಹಾಕಿದ. "ಪೊಲೀಸ್ ಆಕ್ಷನ್ ವರ್ಷ ನಿಮ್ಮ ಮಗ ಮನ್ಯಾಗ ಇದ್ರೇನ್ರೀ?"

"ಮನ್ಯಾಗನ. ಹೊರಗ ಬಿಟ್ಟೇ ಇಲ್ಲ."

ಸಿಕ್ಕಿತು. ಅಷ್ಟರಲ್ಲಿ ಚಂದ್ರಶಾನ ಮಗಳು ಅನ್ನಮ್ಮ ತಂಬಿಗೆಯಲ್ಲಿ ನೀರು ತಂದಳು. ಬಿಸಿಲಲ್ಲಿ ಬಂದವರಿಗೆ ಎಲ್ಲರೂ ಬೆಲ್ಲ ಕೊಟ್ಟರೆ ಇವಳು ತಟ್ಟೆಯಲ್ಲಿ ಸಕ್ಕರೆ ಹಿಡಿದಿದ್ದಳು. "ದಮ್ಮ ತಗೋರಿ. ಸಾಹೇಬರ ಮುಂದ ಕುಂತಂಗ ಕುಂತೀರಿ" ಎಂದು ಸೆರಗು ಕಚ್ಚಿ ನಗು ತಡೆದಳು. ಸೂರ್ಯಕಾಂತ ಸಕ್ಕರೆ ಬಾಯಿಗೆ ಹಾಕಿಕೊಂಡ. ಮುಂದೆ ಕೇಳಬೇಕಾದದ್ದು ಮರೆತೇ ಹೋಯಿತು. ಹುಡುಗಿ ಅವನಿಗೆ ಹಿಡಿಸಿದ್ದಳು, ಸುಳ್ಳು ಯಾಕೆ.

ಸಾಹೇಬರ ಮುಂದೆ ಹಿರಿತನದ ತಕರಾರಿನ ವಿಚಾರಣೆಯ ಹಿಂದಿನ ದಿನ ಅವನು ಅವ್ವನಿಗೆ ಗೆಲುವಿನ ಸುದ್ದಿ ಹೇಳಲು ಊರಿಗೆ ಹೋದ. ಪಡಸಾಲೆಯಲ್ಲಿ ಚಂದ್ರಶಾ ಕೂತು ಚಹಾ ಕುಡಿಯುತ್ತಿದ್ದ. ಅವ್ವನ ಉಡಿಯಲ್ಲಿ ತೆಂಗಿನಕಾಯಿ, ಹಸಿರು ಕುಪ್ಪಸದ ಖಣ.

"ಹೆಣ್ಣು ನೋಡಿ, ಹಿರಿಯರ ಎದುರಿಗೆ ಸಕ್ಕರಿ ತಿಂದು ಒಪ್ಪಿಗಿ ಕೊಟ್ಟು ಬಂದೀದಿ. ಹೆತ್ತಾಕಿಗಿ ಒಂದು ಮಾತು ಹೇಳಬಾರದೇನು?" ಎಂದಳು ಅವ್ವ. ಸಂತೋಷಕ್ಕೆ ಅವಳ ಕಣ್ಣು ತುಂಬಿದ್ದವು.

"ಹಣ್ಣು, ಅವ್ವಾ. ನಾ ಹೋಗಿದ್ದು ಹಣ್ಣು..."

ಚಂದ್ರಶಾ ಬಟ್ಟಲು ಕೆಳಗಿಟ್ಟ. "ನಮ್ಮವ್ವಗ ಕಿವಿ ಮಂದ ಅದರಿ. ಮಾತು ತಪ್ಪಿ ಬಿದ್ದದಂದ್ರ ಈಗ ಹೇಳಿಬಿಡ್ರಿ, ನಾ ಎದ್ದು ಹೋಗ್ತೀನಿ. ಕುರ್ಚಿ ಜಗಳ ನಾಳಿ ಸಾಹೇಬರ ಮುಂದ ಆಡೂಣು."

ಸೂರ್ಯಕಾಂತ ಅವ್ವನ ಮುಖ ನೋಡಿದ. ವರ್ಷಗಳ ಮೇಲೆ ನಗು ಕಂಡ ಮುಖ. ಕಮಲಾಪುರದ ಕಚ್ಚಿದ ಸೆರಗೂ ನೆನಪಾಯಿತು. ಕುರ್ಚಿ, ನಳ, ಕ್ವಾರ್ಟರ್ಸ್ ಎಲ್ಲ ನಾಲಿಗೆಯ ತುದಿಯಲ್ಲಿದ್ದವು. ನುಂಗಿಕೊಂಡ.

"ತಪ್ಪೇನಿಲ್ಲರಿ... ಮಾವ."

ಮರುದಿನ ಸಾಹೇಬರು ತಕರಾರು ಏನೆಂದು ಕೇಳಿದರು. ಏನೂ ಇಲ್ಲ, ಚಂದ್ರಶಾ ಅವರೇ ಹಿರಿಯರು ಎಂದ ಸೂರ್ಯಕಾಂತ. ಇಡೀ ಆಫೀಸು ಕೆಮ್ಮಿತು.

ಕ್ವಾರ್ಟರ್ಸಿನ ಕೀಲಿಯನ್ನು ಚಂದ್ರಶಾ ಬೀಗತಿಯ ಕೈಗೇ ಕೊಟ್ಟ. "ಎಲ್ಲಾರೂ ಕೂಡೇ ಇರೂಣು" ಎಂದ. ಮದುವೆಯ ಹಂದರದಲ್ಲಿ ಬಡಿಸುತ್ತಿದ್ದವರು ಮಾಪಣ್ಣ ಮತ್ತು ಅಮೋಘಪ್ಪ, ಮನೆಯ ಹಿರೀ ಅಳಿಯ ಮತ್ತು ನಡುವಿನ ಅಳಿಯ. "ಬಾ ತಮ್ಮಾ" ಎಂದ ಮಾಪಣ್ಣ, "ಇಲ್ಲೂ ನೀನ ಜೂನಿಯರ್." ಸೂರ್ಯಕಾಂತನಿಗೆ ಸಿಟ್ಟು ಬರಬೇಕಿತ್ತು, ಪಕ್ಕದಲ್ಲಿ ಅನ್ನಮ್ಮ ನಗುತ್ತಿದ್ದಳು, ಬರಲಿಲ್ಲ.

ಆಗ ಕರೀಂಸಾಬ ಬಂದು ಚಂದ್ರಶಾನ ಕಿವಿಗೆ ಬಾಗಿ, ಪಕ್ಕದಲ್ಲಿದ್ದ ಸೂರ್ಯಕಾಂತನಿಗೂ ಅರೆಬರೆ ಕೇಳುವಷ್ಟು ಮೆಲ್ಲಗೆ ಕೇಳಿದ: "ಆ ಗೈರಹಾಜರಿ ಸುಳ್ಳು ಇನ್ನ ಯಾರಿಗಿ ಹೇಳಲ್ರೀ?"

"ಯಾರಿಗೂ ಬ್ಯಾಡ ಕರೀಂಸಾಬ" ಎಂದಳು ಹಂದರದ ಆ ತುದಿಯಲ್ಲಿ ಎಲೆ ಅಡಿಕೆ ಮಡಚುತ್ತಿದ್ದ ಮಲ್ಕಮ್ಮ, ತಲೆ ಎತ್ತದೆ. "ಹಣ್ಣು ಮುಗದಾವ."