ಪೆನ್ಸಿಲ್ ಗೆರೆ

ಬಚ್ಚಲುಮನೆಯ ಟೈಲ್ಸ್ ಮೇಲೆ ಪೆನ್ಸಿಲ್‌ನಿಂದ ಗೆರೆ ಎಳೆದು ಅವನು ಡ್ರಿಲ್ ಎತ್ತಿಕೊಂಡಾಗ, ಬಾಗಿಲಲ್ಲಿ ನಿಂತಿದ್ದ ಮುದುಕಿ ಗದರಿದಳು: “ಹಿಡ್ಕೊಳ್ಳೋ ಕಂಬಿ ಅಷ್ಟು ಮೇಲಕ್ಕಾ? ನಾನೇನು ಬಾವಲಿನಾ ಮಗಾ, ನೇತಾಡೋಕೆ?”

ನಗಲು ಹೋದವನು ಗೆರೆಯನ್ನು ನೋಡಿ ಡ್ರಿಲ್ ಕೆಳಗಿಟ್ಟ. ಅದು ಬೆನ್ನು ಬಾಗಿದ ಮುದುಕಿಯ ಭುಜದ ಮಟ್ಟಕ್ಕಿತ್ತು. ಅಳತೆಯ ಟೇಪು ಇನ್ನೂ ಜೇಬಿನಲ್ಲೇ ಇತ್ತು. ಕೈ ತಾನಾಗಿಯೇ ಅವನ ಹೆಂಡತಿಗೆ ಹೊಂದುವ ಎತ್ತರಕ್ಕೆ ಹೋಗಿತ್ತು. ಅವಳ ಕಾಯಿಲೆಯ ಎರಡು ವರ್ಷದಲ್ಲಿ ಅವನು ಮನೆಯ ಸ್ವಿಚ್ಚುಗಳನ್ನು ಕೆಳಗಿಳಿಸಿದ್ದ, ಎಡವುವ ಹೊಸ್ತಿಲು ಕಿತ್ತಿದ್ದ. ಅವಳು ಒಮ್ಮೆ ಜಾರಿ ಬಿದ್ದ ಮೇಲೆ ಬಚ್ಚಲಿಗೆ ಕಂಬಿ ಕೂರಿಸಿದ್ದ. “ಇಷ್ಟೆಲ್ಲ ಕಲ್ತು ನನಗೊಬ್ಬಳಿಗೇ ಚಾಕರಿ ಮಾಡ್ತೀರಾ? ಊರಿಗೂ ಮಾಡ್ರೀ” ಎಂದು ಮಲಗಿದಲ್ಲಿಂದಲೇ ರೇಗಿಸಿದವಳು, ‘ಸಣ್ಣಪುಟ್ಟ ರಿಪೇರಿ’ ಎಂಬ ಕಾರ್ಡಿಗೆ ಬಣ್ಣವನ್ನೂ ತಾನೇ ಆರಿಸಿದ್ದಳು. ಕಾರ್ಡು ಅಚ್ಚಾಗಿ ಬರುವಷ್ಟರಲ್ಲಿ ಅವಳಿರಲಿಲ್ಲ. ಆ ಕಾರ್ಡು ತಂದುಕೊಟ್ಟ ಮೊದಲ ಕೆಲಸ ಇದು.

“ಯಾರ ಅಳತೆನಪ್ಪಾ ಇದು?”

“ನಮ್ಮನೆಯವಳದ್ದು. ಸ್ವಲ್ಪ ಉದ್ದ ಇದ್ಳು.”

ಆ ‘ಇದ್ಳು’ ಕೇಳಿ ಮುದುಕಿ ಒಳಗೆ ಬಂದು, ಗೆರೆಯ ಮೇಲೆ ಬೆರಳಿಟ್ಟು ನಿಂತಳು. “ಹಾಗಾದ್ರೆ ಇಲ್ಲೇ ಇರ್ಲಿ ಬಿಡು. ಒಂಚೂರು ಕೈ ಎತ್ತಿದ್ರೆ ಎಟುಕತ್ತೆ.”

ಅವನು ಅವಳ ಬೆರಳನ್ನು ಮೆಲ್ಲಗೆ ಸರಿಸಿದ. ನಲ್ಲಿಯ ನೀರಲ್ಲಿ ಹೆಬ್ಬೆರಳು ಅದ್ದಿ, ಗೆರೆ ಪೂರ್ತಿ ಹೋಗುವವರೆಗೂ ಉಜ್ಜಿದ.

“ಆಗಲ್ಲ ಅಜ್ಜಿ. ಜಾರೋವಾಗ ಯಾರೂ ಕೈ ಎತ್ತಲ್ಲ.”