ಕಿರುಬೆರಳಿನ ತೂಕ

ಅಕ್ಕಸಾಲಿ ಮುನಿವೀರಾಚಾರಿ ಒಡವೆಗಳನ್ನು ಒಂದೊಂದಾಗಿ ತಕ್ಕಡಿಗೆ ಹಾಕುತ್ತಿದ್ದರೆ, ಅಂಗಡಿಯ ಮೆಟ್ಟಿಲ ಮೇಲೆ ಕೂತ ಹಾಜಿರಾಬಿಗೆ ಉಸಿರಾಡುವುದೇ ಮರೆತುಹೋಗಿತ್ತು. ತಾಯಿ ಕೊಟ್ಟ ಬೆಳ್ಳಿ ಡಾಬು, ಮದುವೆಯ ಕಡಗ, ಹೋದ ವರ್ಷ ಇದೇ ಆಚಾರಿಯ ಹತ್ತಿರ ಕೊಂಡ ಕಾಲುಚೈನು. ಇನ್ನೊಂದು ತಟ್ಟೆಯಲ್ಲಿ ಐವತ್ತೆರಡೂವರೆ ತೊಲದ ತೂಕದ ಕಲ್ಲು. ಒಡವೆಯ ತಟ್ಟೆ ಕೆಳಗಿಳಿದರೆ ಈ ರಂಜಾನಿಗೆ ಅವಳು ಬಡವರಿಗೆ ಜಕಾತ್ ಕೊಡಲೇಬೇಕಾದವಳು. ಇಳಿಯದಿದ್ದರೆ ಹಳೆಯ ಹಾಜಿರಾಬಿಯೇ.

ಹಳೆಯ ಹಾಜಿರಾಬಿ ಯಾರೆಂದು ದೊಡ್ಡಬಳ್ಳಾಪುರದ ಮಗ್ಗದ ಕೇರಿಗೆಲ್ಲ ಗೊತ್ತು. ಗಂಡ ಸತ್ತ ಮೇಲೆ ಮಗ್ಗದ ಮನೆಗಳಿಗೆ ರೇಷ್ಮೆ ಎಳೆಯ ಕಂಡಿಕೆ ಸುತ್ತಿಕೊಟ್ಟು ಬದುಕಿದವಳು. ರಂಜಾನ್ ಬಂದರೆ ಸೆರಗು ಮುಖದ ಮೇಲೆ ಎಳೆದುಕೊಂಡು ರೇಷ್ಮೆ ಸಾಹುಕಾರ ಸತ್ತಾರ್ ಸಾಬರ ಬಾಗಿಲಿಗೆ ಹೋಗಿ ಜಕಾತ್ ತಂದವಳು. ಅವರ ಮನೆಯವರು ಒಂದು ದಿನವೂ ಒಂದು ಚುಚ್ಚುಮಾತು ಆಡಿದವರಲ್ಲ. ಅದು ಬಡವರ ಹಕ್ಕು, ಅದರಲ್ಲಿ ನಾಚಿಕೊಳ್ಳುವುದೇನಿದೆ ಎಂದು ಮಸೀದಿಯ ಹಜರತರೂ ಹೇಳಿದ್ದರು. ಎಲ್ಲ ನಿಜ. ಆದರೂ ತಾನೂ ಒಮ್ಮೆ ಕೊಡಬೇಕೆಂಬ ಹಟ ಅವಳ ಹೊಟ್ಟೆಯೊಳಗೆ ಕೂತುಬಿಟ್ಟಿತ್ತು. ಕಾಫಿ ಬಿಟ್ಟಳು, ಎಲೆಯಡಿಕೆ ಬಿಟ್ಟಳು, ಕಾಸಿಗೆ ಕಾಸು ಸೇರಿಸಿ ಆ ಕಾಲುಚೈನು ಕೊಂಡಳು. ಅಷ್ಟು ಬೆಳ್ಳಿ ಕೈಗೆ ಬಂದ ದಿನದಿಂದ ಜಕಾತ್ ತೆಗೆದುಕೊಳ್ಳುವ ಹಾಗಿಲ್ಲ. ಕೊಡುವವಳಾಗಬೇಕಾದರೆ ಒಂದು ವರ್ಷ ಕಾಯಬೇಕು, ವರ್ಷದ ಕೊನೆಗೂ ಅಷ್ಟು ಬೆಳ್ಳಿ ಕೈಯಲ್ಲಿರಬೇಕು. ಆ ವರ್ಷವನ್ನು ಹಲ್ಲುಕಚ್ಚಿಕೊಂಡು ಕಳೆದಿದ್ದಳು. ಇವತ್ತಿಗೆ ಅದು ತುಂಬಿತ್ತು.

ತಕ್ಕಡಿ ಆಡಿತು, ನಿಂತಿತು. ಒಡವೆಯ ತಟ್ಟೆ ಮೇಲೆಯೇ ಉಳಿಯಿತು.

"ಕಮ್ಮಿ ಬಿತ್ತು ಬೂಬಮ್ಮ," ಎಂದ ಆಚಾರಿ, ಸಿಹಿಸುದ್ದಿ ಹೇಳುವವನ ಹಾಗೆ. "ನೀವೇನೂ ಕೊಡೋ ಹಾಗಿಲ್ಲ. ನೆಮ್ಮದಿಯಾಗಿ ಮನೆಗೆ ಹೋಗಿ."

ಹಾಜಿರಾಬಿಗೆ ಒಂದು ವರ್ಷದ ಹಟವೆಲ್ಲ ಆ ತಟ್ಟೆಯಲ್ಲೇ ನೀರಾಗಿ ಹೋದಂತಾಯಿತು. "ಹೋದ ವರ್ಷ ನೀವೇ ತೂಗಿದ್ರಲ್ಲ ಆಚಾರ್ರೇ? ಆವಾಗ ಐವತ್ಮೂರು ಅಂದ್ರಿ."

"ಬೆಳ್ಳಿ ಅಲ್ವಾ. ಹಾಕ್ಕೊಂಡು ಓಡಾಡಿದ್ರೆ ಸವೆಯುತ್ತೆ."

"ಯಾರು ಹಾಕ್ಕೊಂಡ್ರು? ವರ್ಷಪೂರ್ತಿ ರಾಗಿ ಗಡಿಗೇಲಿ ಹೂತಿಟ್ಟಿದ್ದೆ. ಮೊಮ್ಮಗಳು ಒಂದಿನ ಕಾಲಿಗೆ ಹಾಕಜ್ಜಿ ಅಂತ ಅತ್ರೂ ಹಾಕಲಿಲ್ಲ. ರಾಗಿ ಬೆಳ್ಳಿ ತಿನ್ನುತ್ತಾ?"

ಆಚಾರಿ ಬೀದಿಯ ಕಡೆ ನೋಡಿದ. ಹಾಜಿರಾಬಿ ಮಾತ್ರ ತಕ್ಕಡಿಯನ್ನೇ ನೋಡುತ್ತಿದ್ದಳು. ದಿನವೆಲ್ಲ ಕೂದಲಿನಂಥ ಎಳೆಗಳನ್ನು ನೋಡಿ ಪಳಗಿದ ಕಣ್ಣು. ಕಲ್ಲಿನ ತಟ್ಟೆಯ ಅಂಚಿಗೆ ಆಚಾರಿಯ ಕಿರುಬೆರಳು ಸುಮ್ಮನೆ ಒರಗಿದಂತಿತ್ತು.

"ಆ ಬೆರಳು ತೆಗೀರಿ," ಎಂದಳು.

ಬೆರಳು ಎದ್ದಿತು. ಒಡವೆಯ ತಟ್ಟೆ ನಿಧಾನವಾಗಿ ಕೆಳಗಿಳಿದು ಕೂತಿತು.

ಆಚಾರಿಯ ಮುಖ ಸಣ್ಣದಾಯಿತು. "ನಿಮ್ಮ ಒಳ್ಳೇದಕ್ಕೇ ಮಾಡಿದ್ದು ಬೂಬಮ್ಮ. ರಂಜಾನ್ ಹತ್ರ ಬಂದ್ರೆ ದುಡ್ಡಿರೋರೇ ಒಬ್ಬಿಬ್ರು ಬಂದು, ಸ್ವಲ್ಪ ಕಮ್ಮಿ ತೋರ್ಸಿ ಆಚಾರ್ರೇ ಅಂತಾರೆ. ಕಂಡಿಕೆ ಸುತ್ತಿ ತಿನ್ನೋ ನಿಮಗ್ಯಾಕೆ ಈ ದಂಡ ಅಂತ..."

"ದಂಡ ಕಟ್ಟೋಕೆ ಯಾರಾದ್ರೂ ಇಷ್ಟು ಕಷ್ಟಪಡ್ತಾರಾ? ಇದಕ್ಕೋಸ್ಕರ ನನ್ನ ತಲೆ ಹಣ್ಣಾಗಿದೆ." ಹಾಜಿರಾಬಿಯ ಬೆನ್ನು ತಾನಾಗಿಯೇ ನೆಟ್ಟಗಾಯಿತು. ಹೀಗೆ ಹೆಮ್ಮೆಪಡುವುದು ತಪ್ಪೋ ಏನೋ, ಅದನ್ನು ಆಮೇಲೆ ಹಜರತರನ್ನು ಕೇಳಿದರಾಯಿತು ಎಂದುಕೊಂಡಳು. ತಟ್ಟೆಯಿಂದ ಕಡಗ ಎತ್ತಿ ಮುಂದಿಟ್ಟಳು. "ಒಟ್ಟು ತೂಕದಲ್ಲಿ ನಲವತ್ತಕ್ಕೆ ಒಂದು ಪಾಲು. ಇದರಲ್ಲೇ ಕತ್ತರಿಸಿಕೊಡಿ."

ಆಚಾರಿ ಲೆಕ್ಕ ಹಾಕಿ, ಕತ್ತರಿಸಿ, ಬೆಳ್ಳಿಯ ತುಂಡನ್ನು ಅವಳ ಕಣ್ಣೆದುರಿಗೇ ತೂಗಿದ. ಈ ಸಲ ಎರಡು ಕೈಯನ್ನೂ ತೊಡೆಯ ಮೇಲಿಟ್ಟುಕೊಂಡಿದ್ದ. ಕೂಲಿ ಬೇಡವೆಂದ. ಚಿನ್ನದ ಕೆಲಸಕ್ಕೆ ಕಡಿವಾಣ ಹಾಕಿದ ಸರಕಾರದ ಕಾನೂನು ಬಂದಾಗಿನಿಂದ ಅವನ ಕುಲುಮೆಗೆ ಕೆಲಸ ಅಷ್ಟಕ್ಕಷ್ಟೇ ಎಂದು ಹಾಜಿರಾಬಿಗೆ ಗೊತ್ತಿತ್ತು. ಎಂಟಾಣೆ ತೆಗೆದು ಮಣೆಯ ಮೇಲಿಟ್ಟಳು.

"ತಗೊಳ್ಳಿ. ಇವತ್ತು ನಾನು ಯಾರ ಹತ್ರಾನೂ ಬಿಟ್ಟಿ ಕೆಲಸ ಮಾಡಿಸ್ಕೊಳ್ಳಲ್ಲ."

"ಯಾರಿಗೆ ಕೊಡ್ತೀರಿ ಇದನ್ನ?" ಆಚಾರಿ ಕುತೂಹಲಕ್ಕೆ ಕೇಳಿದ.

"ಅದನ್ನ ಮಾತ್ರ ಕೇಳಬೇಡಿ. ಹೆಸರು ಹೊರಗೆ ಬಿದ್ರೆ ತಗೊಂಡೋರಿಗೆ ಈ ಬೀದೀಲಿ ತಲೆ ಎತ್ತಿ ನಡೆಯೋದು ಕಷ್ಟ. ನಾನು ನಡೆದಿದ್ದೀನಲ್ಲ, ನಂಗೊತ್ತು."

ಆಚಾರಿ ಉಳಿದ ಒಡವೆಗಳನ್ನು ಸುಮ್ಮನಿರಲಾರದೆ ಇನ್ನೊಮ್ಮೆ ತಕ್ಕಡಿಗೆ ಹಾಕಿದ. ತಟ್ಟೆ ಮೇಲೆಯೇ ತೂಗಾಡಿತು.

"ಈಗ ನಿಜವಾಗ್ಲೂ ಕಮ್ಮಿಯಾಯ್ತು ಬೂಬಮ್ಮ. ಹಿಂಗೇ ಇದ್ರೆ ಬರೋ ವರ್ಷ ನೀವು ಕೊಡೋ ಹಾಗಿರಲ್ಲ."

ಹಾಜಿರಾಬಿ ಒಡವೆಗಳನ್ನು ಗಂಟು ಕಟ್ಟಿದಳು. ಬೆಳ್ಳಿಯ ತುಂಡನ್ನು ಬೇರೆಯಾಗಿ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಮೆಟ್ಟಿಲಿಳಿದು, ಪೇಟೆ ಬೀದಿಯ ನಡುವೆ ನಿಂತು, ಸೆರಗನ್ನು ಮುಖದಿಂದ ಹಿಂದಕ್ಕೆ ಸರಿಸಿದಳು.

"ಅಷ್ಟರೊಳಗೆ ತುಂಬಿಸ್ತೀನಿ ಆಚಾರ್ರೇ. ನೀವು ಆ ಬೆರಳನ್ನ ಜೇಬಲ್ಲಿ ಇಟ್ಕೊಂಡಿರಿ, ಸಾಕು."