ಕೊರಿಯಾದ ಬಾಕ್ಸರ್ ನಮ್ಮನೆಗೆ ಬಂದಿದ್ದ

ನೋವಿನ ಮುಲಾಮಿನ ವಾಸನೆ ಬಂದರೆ ಈಗಲೂ ನೈರೋಬಿಯ ಲ್ಯಾವಿಂಗ್ಟನ್ ಬಡಾವಣೆಯ ನಮ್ಮ ಮನೆಯ ಆ ಮಧ್ಯಾಹ್ನ ನೆನಪಾಗುತ್ತದೆ. ಅಲ್ಲಿನ ಬಾಕ್ಸಿಂಗ್ ಪಂದ್ಯಗಳಿಗೆ ಡಾಕ್ಟರಾಗಿ ಹೋಗುತ್ತಿದ್ದ ಅಪ್ಪ, ಹುಬ್ಬು ಒಡೆದುಕೊಂಡಿದ್ದ ಕೊರಿಯಾದ ಅಮೆಚೂರ್ ಚಾಂಪಿಯನ್ನನ್ನು ಊಟಕ್ಕೆ ಕರೆತಂದು, ತಾವು ಆಸ್ಪತ್ರೆಗೆ ಹೊರಟುಬಿಟ್ಟರು. ಅವನ ಮೈಯೆಲ್ಲ ಮುಲಾಮಿನ ವಾಸನೆ.

ಅಮ್ಮ ಕನ್ನಡದಲ್ಲೇ ಶುರುಮಾಡಿದಳು. "ಇನ್ನೊಂಚೂರು ಸಾರು ಹಾಕಿಸ್ಕೊಳಪ್ಪ. ಊರಲ್ಲಿ ನಿಮ್ಮಮ್ಮ ಕಾಯ್ತಿರ್ತಾರಾ?" ಅವನು ತನ್ನ ಭಾಷೆಯಲ್ಲಿ ಏನೋ ಉದ್ದಕ್ಕೆ ಹೇಳಿದ. ಅಮ್ಮ "ಹೂಂ, ಹೂಂ" ಎಂದಳು. ಸಂಜೆಯವರೆಗೂ ಇಬ್ಬರೂ ಹಾಗೇ ಮಾತಾಡಿದರು. ಮನೆಯಲ್ಲಿ ಅಪ್ಪ, ನಾನು ಇಂಗ್ಲಿಷಿನಲ್ಲೇ ಮಾತಾಡುತ್ತಿದ್ದೆವು; ಅಮ್ಮ ಅಷ್ಟು ಮಾತಾಡಿದ್ದನ್ನು ನಾನು ನೋಡಿರಲೇ ಇಲ್ಲ.

ಕೆಲವು ವರ್ಷಗಳ ಮೇಲೆ ಪ್ರೊಫೆಷನಲ್ ಆಗಿದ್ದ ಅವನು, ಚಾಂಪಿಯನ್ ಪಟ್ಟ ಸೋತು ರಿಂಗಿನ ಮೂಲೆಯಲ್ಲಿ ಕೂತದ್ದನ್ನು ಟಿವಿಯಲ್ಲಿ ತೋರಿಸಿದರು.

"ಪಾಪ, ಯಾರ ಹತ್ರ ಹೇಳ್ಕೋತಾನೋ," ಎಂದು ಅಮ್ಮ ನನ್ನ ಕಡೆ ತಿರುಗಿದಳು.

"ಐ ಡೋಂಟ್ ನೋ, ಮಮ್ಮಿ," ಎಂದೆ.